ಅಮಾವಾಸ್ಯೆಯ ದಿನ ತೆಗೆದ ಜಾಹೀರಾತು

ಗಜೇಂದ್ರಗಡ

ಪರದೇಶಕ್ಕೆ ನಾನು ಹೋದದ್ದು ಒಂದೇ ಸಲ. ಲಂಡನ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ಚಳಿ, ಮಂಜು, ಎರಡಂತಸ್ತಿನ ಬಸ್ಸು ಎಂದು ಹೇಳಿ ಮುಗಿಸಿದ್ದೇನೆ. ಹೇಳಿದ್ದು ಯಾವುದೂ ಸುಳ್ಳಲ್ಲ. ಆದರೆ ಅಲ್ಲಿ ನಾನು ಮಾಡಿದ ಕೆಲಸವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತ ಬಂದೆ. ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ರೋಣ. ಅಲ್ಲಿಯೇ ಮ್ಯಾಟ್ರಿಕ್ ಮುಗಿಸಿ ಗಜೇಂದ್ರಗಡದ ನೇಕಾರರ ಸಂಘವೊಂದರಲ್ಲಿ ಪತ್ರ ಬರೆಯುವ ಕೆಲಸಕ್ಕೆ ಸೇರಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಲಂಡನ್ನಿನಲ್ಲಿ ಕೈಮಗ್ಗದ ಬಟ್ಟೆಗಳ ಪ್ರದರ್ಶನ ಇದೆ, ಮಗ್ಗದ ಮೇಲೆ ಕೂತು ನೇಯ್ದು ತೋರಿಸುವವರೊಬ್ಬರು ಬೇಕು ಎಂದು ಸರಕಾರದವರು ಕೇಳಿದಾಗ ಸಂಘದ ನೇಕಾರ ಮಲ್ಲೇಶಪ್ಪ ಕಾಕಾನ ಹೆಸರು ಹೋಯಿತು. ಅವರಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಅವರು ಅಂದದ್ದನ್ನು ಇಂಗ್ಲಿಷಿನಲ್ಲಿ, ಇಂಗ್ಲಿಷರು ಅಂದದ್ದನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಜೊತೆಗೆ ಕಳಿಸಿದರು. ಅದೊಂದೇ ನನ್ನ ಕೆಲಸವಾಗಿತ್ತು.

ಕಾಕಾ ಐವತ್ತು ದಾಟಿದ ಎತ್ತರದ ಆಳು. ಮಾತು ಜೋರು, ಜಂಬವೂ ಸಾಕಷ್ಟು. ನೇಯ್ಗೆ ಬಿಟ್ಟರೆ ಅವರಿಗಿದ್ದ ಹುಚ್ಚು ನಾಟಕದ್ದು. ನರಗುಂದದಲ್ಲಿ ನಾಟಕ ಕಂಪನಿ ಬಿಡಾರ ಹೂಡಿದರೆ ಮಗ್ಗ ಬಿಟ್ಟು ಹೋಗಿ, ಒಂದೇ ಆಟವನ್ನು ಎರಡೆರಡು ಸಲ ನೋಡಿ ಬರುತ್ತಿದ್ದರು. ನಮ್ಮ ಕಡೆಯ ಸೀರೆಯಲ್ಲಿ ಸೆರಗಿನ ಹಾಸನ್ನು, ಎಂದರೆ ಉದ್ದನೆಯ ಎಳೆಗಳನ್ನು, ಸೀರೆಯ ಮೈಯ ಉದ್ದನೆಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು, ಓಣಿಯವರೂ ಒಪ್ಪುತ್ತಿದ್ದರು.

ಹೊರಡುವ ದಿನ ಬಸ್‌ ನಿಲ್ದಾಣಕ್ಕೆ ಓಣಿಯ ಮಂದಿ ಬಂದಿದ್ದರು.

"ಅವರು ನಮ್ಮ ಸೀರಿ ಉಡೂದಿಲ್ಲ, ನನಗ ಗೊತ್ತೈತಿ" ಎಂದರು ಕಾಕಾ. "ಆದ್ರ ಈ ಕೈ ಹ್ಯಾಂಗ ಓಡ್ತಾವ ಅನ್ನೂದನ್ನ ಒಮ್ಮೆ ನೋಡ್ಲಿ. ಅಷ್ಟಾದ್ರ ಹ್ವಾದದ್ದಕ್ಕೂ ಸಾರ್ಥಕ."

"ಕೈ ಓಡಸ್ರಿ, ಬಾಯಿ ಸ್ವಲ್ಪ ಕಡಿಮಿ ಓಡಸ್ರಿ" ಎಂದರು ಅವರ ಹೆಂಡತಿ ಗಂಗಮ್ಮ ಕಾಕಿ. ನನ್ನ ಕಡೆ ತಿರುಗಿ, "ತಮ್ಮಾ, ಇವರು ಅಂದದ್ದೆಲ್ಲಾ ಅವರಿಗೆ ಹೇಳಬ್ಯಾಡ, ಜಗಳ ಆದೀತು" ಎಂದರು. ಎಲ್ಲರೂ ನಕ್ಕರು.

ಲಂಡನ್ನಿನ ಅಡಿಗೆಮನೆ

ಹಡಗಿನ ಬಗ್ಗೆ ಹೇಳುವಂಥದೇನಿಲ್ಲ. ಕಾಕಾ ವಾಂತಿ ಮಾಡಿಕೊಂಡರು, ನಾನೂ ಮಾಡಿಕೊಂಡೆ.

ಲಂಡನ್ನಿನಲ್ಲಿ ನಮಗೆ ವಿಧವೆಯೊಬ್ಬಳ ಮನೆಯಲ್ಲಿ ಇಳಿಯುವ ವ್ಯವಸ್ಥೆ ಆಗಿತ್ತು. ಕಾಕಾ ಅವಳನ್ನು ಮೊದಲ ದಿನದಿಂದಲೇ "ಅಕ್ಕಾರ" ಎಂದು ಕರೆದರು. ಅದು ತನ್ನ ಹೆಸರಿನ ಕನ್ನಡ ರೂಪವಿರಬೇಕು ಎಂದು ಆಕೆ ತಿಳಿದಿದ್ದಳು, ನಾನೂ ತಿದ್ದಲಿಲ್ಲ. ಜೋಳದ ಹಿಟ್ಟು, ಶೇಂಗಾ ಚಟ್ನಿ ಊರಿನಿಂದ ಕಟ್ಟಿಕೊಂಡು ಹೋಗಿದ್ದೆವು. ಮೊದಲ ಬೆಳಿಗ್ಗೆ ಕಾಕಾ ಅವಳ ಅಡಿಗೆಮನೆಯ ಮೇಜಿನ ಮೇಲೆ ರೊಟ್ಟಿ ಬಡಿಯಲು ನಿಂತರು. ಆ ಸಪ್ಪಳಕ್ಕೆ ಮೇಲಂತಸ್ತಿನಲ್ಲಿದ್ದ ನಿವೃತ್ತ ಅಂಚೆಯವನೊಬ್ಬ ರಾತ್ರಿಯ ಉಡುಪಿನಲ್ಲೇ ಇಳಿದು ಬಂದು, ಮನೆಯಲ್ಲಿ ಏನಾದರೂ ರಿಪೇರಿ ನಡೆದಿದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ.

"ಏನಂತಾನ?" ಎಂದರು ಕಾಕಾ.

"ಸಪ್ಪಳ ಭಾಳ ಆತಂತ್ರಿ."

"ರೊಟ್ಟಿ ಸಪ್ಪಳಕ್ಕ ಎದ್ದವಗ ರೊಟ್ಟಿ ಕೊಡಬೇಕು" ಎಂದು ಅವನ ಕೈಗೆ ಒಂದು ಬಿಸಿ ರೊಟ್ಟಿ ಕೊಟ್ಟರು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ, ಥ್ಯಾಂಕ್ಸ್ ಹೇಳಿ ಮೇಲೆ ಹೋದ.

ಬಸ್ಸಿನ ನಿಲ್ದಾಣದಲ್ಲಿ ಅಲ್ಲಿಯವರು ಒಬ್ಬರ ಹಿಂದೆ ಒಬ್ಬರು ಮಾತಿಲ್ಲದೆ ನಿಲ್ಲುತ್ತಾರೆ. ಕಾಕಾ ಮೊದಲ ದಿನ ರೂಢಿಯಂತೆ ಕಿಟಕಿಯೊಳಗಿಂದ ಟವೆಲ್ಲು ಒಗೆದು ಜಾಗ ಹಿಡಿದರು. ಕಂಡಕ್ಟರನು ಅದನ್ನು ನೀಟಾಗಿ ಮಡಚಿ ತಂದು, ನಿಮ್ಮದು ಬಿದ್ದಿದೆ ಎಂದು ಮರಳಿ ಕೊಟ್ಟ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ ಎಂದು ಕಾಕಾ ದಾರಿಯುದ್ದಕ್ಕೂ ಹೇಳಿದರು.

ಮುಂದಿನ ಕೋಣೆ

ಮನೆಯ ಮುಂದಿನ ಕೋಣೆಯಲ್ಲಿ ಟೆಲಿವಿಷನ್ನು ಇತ್ತು. ಕಟ್ಟಿಗೆಯ ಪೆಟ್ಟಿಗೆ, ನಡುವೆ ಸಣ್ಣ ಗಾಜು. ಸಂಜೆ ಪರದೆ ಎಳೆದು ಎಲ್ಲರೂ ಅದರ ಮುಂದೆ ಕೂಡುತ್ತಿದ್ದರು. ಕಾರ್ಯಕ್ರಮದ ನಡುನಡುವೆ ಜಾಹೀರಾತು ಬರುತ್ತಿತ್ತು. ಬಂದ ಕೂಡಲೇ ಮನೆಯೊಡತಿ ಚಹಾದ ನೀರಿಡಲು ಏಳುತ್ತಿದ್ದಳು. ಅಂಚೆಯವನು ಪತ್ರಿಕೆ ಬಿಡಿಸುತ್ತಿದ್ದ. ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಅಡಿಗೆಮನೆಯಲ್ಲಿ ಆಕೆ ಸಾಬೂನಿನ ಹಾಡನ್ನೇ ಗುನುಗುತ್ತಿದ್ದಳು. ಅಂಗಡಿಗೆ ಹೋದರೆ ಅದೇ ಸಾಬೂನು ತರುತ್ತಿದ್ದಳು.

ಕಾಕಾನಿಗೆ ಮಾತ್ರ ಜಾಹೀರಾತೇ ಮುಖ್ಯ. ಕಾರ್ಯಕ್ರಮದಲ್ಲಿ ಬರೀ ಮಾತು, ಅದು ಅವರಿಗೆ ತಿಳಿಯದು. ಜಾಹೀರಾತಿಗೆ ಮಾತು ಬೇಕಿರಲಿಲ್ಲ.

"ಈಗ ನೋಡು, ಹೆಣ್ಣಮಗಳು ಮಾರಿ ಸಣ್ಣದು ಮಾಡ್ಯಾಳ. ಬೆಳಕ ಕಡಿಮಿ ಐತಿ. ಕಷ್ಟದಾಗ ಅದಾಳ. ಇನ್ನ ಬಾಜಾ ಏರತೈತಿ ನೋಡು, ಏರಿದ ಕೂಡ್ಲೇ ಮಾಲು ಬರತೈತಿ... ಬಂತು." ಅವರು ಅಂದ ಹಾಗೆಯೇ ಬಟ್ಟೆ ಒಗೆಯುವ ಪುಡಿಯ ಡಬ್ಬಿ ಬೆಳಕಿನಲ್ಲಿ ಬಂದು ನಿಲ್ಲುತ್ತಿತ್ತು. ಬಿಳಿ ಕೋಟಿನವನು ಬಂದರೆ, "ಇವ ಡಾಕ್ಟರಾ. ಇವ ಅಂದದ್ದಕ್ಕ ಎದುರು ಮಾತಾಡಂಗಿಲ್ಲ. ಖರೇ ಡಾಕ್ಟರ್ ಅಲ್ಲ, ಸೋಗು ಹಾಕ್ಯಾನ. ನಮ್ಮ ನಾಟಕದಾಗ ಋಷಿಗೆ ಗಡ್ಡಾ ಹಚ್ಚೂದಿಲ್ಲೇನು, ಹಂಗ" ಎನ್ನುವರು.

ಒಮ್ಮೊಮ್ಮೆ ತಪ್ಪುತ್ತಲೂ ಇದ್ದರು. ಮುದುಕನೊಬ್ಬ ಎದೆಯ ಮೇಲೆ ಕೈಯಿಟ್ಟು ಕೂತದ್ದನ್ನು ಕಂಡು ಮಗ ಸತ್ತಿರಬೇಕೆಂದು ಮರುಗಿದರು. ಅದು ಅಜೀರ್ಣದ ಪುಡಿ. ಅದರಿಂದ ಅವರ ಹುರುಪು ಕಡಿಮೆಯಾಗಲಿಲ್ಲ.

ರವಿವಾರ

ಪ್ರದರ್ಶನದ ಸಭಾಂಗಣದಲ್ಲಿ ಕಾಕಾನ ಮಗ್ಗವನ್ನು ಹಲಗೆಯ ವೇದಿಕೆಯ ಮೇಲೆ ಕೂಡಿಸಿದ್ದರು. ಊರಿನಲ್ಲಾದರೆ ನೆಲದಲ್ಲಿ ಕುಣಿ ತೋಡಿ ಕಾಲು ಇಳಿಬಿಡುತ್ತೇವೆ. ಅಲ್ಲಿ ನೆಲ ಅಗೆಯುವಂತಿರಲಿಲ್ಲ, ಆದ್ದರಿಂದ ವೇದಿಕೆಯಲ್ಲೇ ಕಿಂಡಿ ಬಿಟ್ಟಿದ್ದರು. ಒಂದು ದಿನ ಅಲ್ಲಿಗೆ ಕೆಂಪು ಮೀಸೆಯ ತರುಣ ಸಾಹೇಬನೊಬ್ಬ ಬಂದ. ಟೆಲಿವಿಷನ್ನಿನ ಜಾಹೀರಾತು ತಯಾರಿಸುವುದು ಅವನ ವೃತ್ತಿ. ನೈಲಾನ್ ಬಟ್ಟೆಯದೊಂದು ಜಾಹೀರಾತಿಗೆ ಕಾಕಾನನ್ನು ತೆಗೆದುಕೊಳ್ಳಬೇಕೆಂದ.

ನನ್ನನ್ನು ಚಹಾಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದ. ಮೊದಲು ಹಳೆಯ ಕಾಲದ ನೇಯ್ಗೆ, ಆಮೇಲೆ ಅವರ ನೈಲಾನು. ಕೈಮಗ್ಗದ ಬಗ್ಗೆ ಕೆಟ್ಟ ಮಾತು ಒಂದೂ ಇರುವುದಿಲ್ಲ ಎಂದ. ಮಾತಿನಲ್ಲಿ ಹೇಳಿದರೆ ಜನ ಜಗಳಕ್ಕೆ ನಿಲ್ಲುತ್ತಾರೆ. ಬೆಳಕು ಎಲ್ಲಿಂದ ಬೀಳುತ್ತದೆ, ಕ್ಯಾಮೆರಾ ಮೇಲಿನಿಂದ ನೋಡುತ್ತದೆಯೋ ಕೆಳಗಿನಿಂದಲೋ, ಯಾವ ಚಿತ್ರದ ಬೆನ್ನಿಗೆ ಯಾವ ಚಿತ್ರ ಬರುತ್ತದೆ, ಇವುಗಳಿಂದ ಹೇಳಿದರೆ ಅದು ತಮ್ಮದೇ ಅಭಿಪ್ರಾಯ ಎಂದುಕೊಳ್ಳುತ್ತಾರೆ ಎಂದ. ರೋಣದ ಮ್ಯಾಟ್ರಿಕ್ ಹುಡುಗನಿಗೆ ಲಂಡನ್ನಿನ ಸಾಹೇಬ ಸರಿಸಮ ಕೂತು ಇಷ್ಟೆಲ್ಲ ಹೇಳಿದ್ದರಿಂದ ನಾನು ಉಬ್ಬಿ ಹೋಗಿದ್ದೆ. ಕಾಕಾನಿಗೆ ಹೇಳಿದ್ದು ಇಷ್ಟೇ: "ಕಾಕಾ, ಇಡೀ ದೇಶಕ್ಕ ನಿಮ್ಮನ್ನ ತೋರಸ್ತಾರಂತ್ರಿ."

ಚಿತ್ರ ತೆಗೆಯಲು ಸಭಾಂಗಣ ಖಾಲಿ ಇರುವ ರವಿವಾರ ಗೊತ್ತಾಯಿತು. ಆ ಬೆಳಿಗ್ಗೆ ಕಾಕಾ ಪಂಚಾಂಗ ತೆಗೆದು ನೋಡಿದರು.

"ಇವತ್ತ ಅಮಾಸಿ ಐತಲ್ಲೋ ತಮ್ಮಾ. ಲಾಳಿ ಮುಟ್ಟೂದಿಲ್ಲ."

ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗಕ್ಕೆ ವಿಶ್ರಾಂತಿ. ಪೂಜೆ ಮಾಡಿ ಬಿಟ್ಟುಬಿಡುತ್ತಾರೆ. ಇಲ್ಲಿ ಯಾರು ನೋಡುತ್ತಾರೆ, ಒಂದು ದಿನಕ್ಕೆ ಏನಾಗುತ್ತದೆ ಎಂದು ನಾನು ಗೋಗರೆದೆ.

"ಮಗ್ಗ ನೋಡತೈತಿ" ಎಂದರು. ಪಂಚಾಂಗ ಮಡಚಿಟ್ಟು, "ಕೂಡು ಅಂದ್ರ ಕೂಡತೇನಿ. ಕೈ ಮುಗದು ಕೂಡತೇನಿ. ನೇಯೂದು ಮಾತ್ರ ಇನ್ನೊಂದಿನ. ಹಂಗಂತ ಅವಗ ಹೇಳು."

ಹೇಳಿದೆ. ಇಂದು ನಮ್ಮ ಮಗ್ಗಕ್ಕೆ ಬಿಡುವಿನ ದಿನ, ಇವರು ಸುಮ್ಮನೆ ಕೂಡುತ್ತಾರೆ ಎಂದೆ. ಸಾಹೇಬ ತನ್ನ ಸಹಾಯಕನ ಮುಖ ನೋಡಿ, ಇನ್ನೂ ಒಳ್ಳೆಯದಾಯಿತು ಎಂದ.

ಎದುರಿನ ದೀಪಗಳನ್ನು ಆರಿಸಿ ನೆತ್ತಿಯ ಮೇಲೊಂದನ್ನು ಉಳಿಸಿದರು. ಕಾಕಾನ ಕಣ್ಣಿನ ಕುಳಿ, ಗಲ್ಲದ ಕುಳಿ ಕಪ್ಪಾದವು. ಕ್ಯಾಮೆರಾವನ್ನು ಎತ್ತರದ ಏಣಿಯ ಮೇಲೆ ಏರಿಸಿದರು. ಕೋಟು, ಅಂಗಿ ತೆಗೆಸಿದರು, ರುಮಾಲನ್ನೂ ತೆಗೆಸಿದರು.

"ರುಮಾಲು ಯಾಕ ತಗೀಬೇಕಂತ?"

"ಬೆಳಕಿಗೆ ಅಡ್ಡ ಬರತೈತಂತ್ರಿ" ಎಂದೆ. ಹಾಗೆಂದು ಯಾರೂ ಹೇಳಿರಲಿಲ್ಲ. ಅದು ನಾನೇ ಹುಟ್ಟಿಸಿದ ಮಾತು.

ಕಾಕಾ ನೇಯ್ದ ಬಟ್ಟೆಯ ಮೇಲೆ ಎರಡೂ ಕೈ ಜೋಡಿಸಿಟ್ಟು, ತಲೆ ಬಾಗಿಸಿ, ಕಣ್ಣು ಮುಚ್ಚಿದರು. ಮನೆದೇವರನ್ನು ನೆನೆಯುತ್ತಿದ್ದರು, ತುಟಿ ಅಲುಗುತ್ತಿದ್ದವು. ಮುಗಿದ ಮೇಲೆ ಸಾಹೇಬ ನನ್ನ ಬೆನ್ನು ತಟ್ಟಿ, ಕಾಲ ಹಿಂದೆ ಬಿಟ್ಟು ಹೋದ ಮನುಷ್ಯನನ್ನು ನೋಡಿದ ಹಾಗಾಯಿತು, ಇದಕ್ಕಿಂತ ಚೆನ್ನಾಗಿ ಯಾವ ನಟನೂ ಮಾಡಲಾರ ಎಂದ.

"ಏನಂದಾ?"

"ಭಾಳ ಚಲೋ ಬಂತು ಅಂದ್ರು, ಕಾಕಾ."

ಮತ್ತೆ ಮುಂದಿನ ಕೋಣೆ

ಆ ಜಾಹೀರಾತು ಬರುವ ಸಂಜೆ ಮನೆಯೊಡತಿ ಅಕ್ಕಪಕ್ಕದವರನ್ನೂ ಕರೆದಿದ್ದಳು. ಕಾಕಾ ಕೋಟು ತೊಟ್ಟು, ರುಮಾಲು ಸುತ್ತಿ, ಎಲ್ಲರಿಗಿಂತ ಮುಂದೆ ಕೂತರು. ಆ ದಿನ ಮಾತ್ರ ಆಕೆ ಚಹಾಕ್ಕೆ ಏಳಲಿಲ್ಲ.

ಮೊದಲು ಕತ್ತಲೆ. ಒಂದು ಪಿಟೀಲು ಎಳೆಎಳೆಯಾಗಿ ಅಳುತ್ತಿತ್ತು. ಮೇಲಿನಿಂದ ಕಾಣುವ ಮಗ್ಗ, ಅದರ ಮುಂದೆ ಬರಿಮೈಯ ಒಬ್ಬ ಮನುಷ್ಯ, ಬಾಗಿದ ತಲೆ, ಚಲಿಸದ ಕೈ. ಎಲ್ಲಿಯೋ ಗಡಿಯಾರದ ಟಿಕ್ ಟಿಕ್. ಒಮ್ಮೆಲೇ ಬೆಳಕು, ಕಹಳೆ. ನೈಲಾನಿನ ಲಂಗ ತೊಟ್ಟ ಹುಡುಗಿ ಗಿರಗಿರನೆ ತಿರುಗಿ ನಕ್ಕಳು. ಕಿಟಕಿ ತೆರೆಯಿತು, ಗಾಳಿ ಬಂತು, ಬಟ್ಟೆಯ ಹೆಸರು ಬಂತು. ಅಷ್ಟಕ್ಕೇ ಮುಗಿಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯೊಡತಿ ಕಾಕಾನ ಭುಜ ಮುಟ್ಟಿ ಕಣ್ಣೊರೆಸಿಕೊಂಡಳು.

ಕಾಕಾ ಗಾಜಿನ ಕಡೆಯೇ ನೋಡುತ್ತಿದ್ದರು. "ತಮ್ಮಾ, ಆ ಪಿಟೀಲು ಯಾರ ಸಲುವಾಗಿ?"

"ದೇವರ ಮುಂದ ಕೂತಾಗ ಬಾರಸೂದ್ರಿ."

"ನರಗುಂದದಾಗ ರಾಜಾ ರಾಜ್ಯಾ ಕಳಕೊಂಡಾಗ ಹಿಂಗ ಬಾರಸ್ತಾರ. ಹೊಸಾ ರಾಜಾ ಬಂದಾಗ ಕಹಳಿ."

"ಇಲ್ಲಿ ಪದ್ಧತಿ ಬ್ಯಾರೆ ಐತ್ರಿ."

"ಹೌದೇನ" ಎಂದರು. "ಅಜೀರ್ಣದ ಮುದಕನ್ನ ನೋಡಿ ನಾನೂ ಎಡವಿದ್ದೆ. ಇದೂ ಹಂಗ ಇರಬೇಕು." ಅವರು ತಮ್ಮ ಕಣ್ಣು ಕಿವಿಗಿಂತ ನನ್ನನ್ನು ಹೆಚ್ಚು ನಂಬಿದರು.

ಕೋಟು

ಮರುದಿನದಿಂದ ಸಭಾಂಗಣಕ್ಕೆ ಹೆಚ್ಚು ಜನ ಬಂದರು. ಮೊದಲೆಲ್ಲ ಬಂದವರು ಬಗ್ಗಿ ಬಟ್ಟೆ ನೋಡುತ್ತಿದ್ದರು, ಕೊಂಡಿಯ ಜಾಗದಲ್ಲಿ ಬೆರಳಾಡಿಸಿ ನೋಡುತ್ತಿದ್ದರು. ಈಗ ಬಂದವರು ಕಾಕಾನ ಮುಖ ನೋಡಿ ದನಿ ತಗ್ಗಿಸುತ್ತಿದ್ದರು. ಒಬ್ಬ ಮುದುಕ ಟೋಪಿ ತೆಗೆದು ನಿಂತ. ಒಬ್ಬ ಹೆಂಗಸು ಕಾಗದದಲ್ಲಿ ಸುತ್ತಿ ತಂದಿದ್ದ ಹಳೆಯ ಉಣ್ಣೆಯ ಕೋಟನ್ನು ಮಗ್ಗದ ಅಂಚಿಗೆ ಇಟ್ಟು, ಕಾಕಾನ ಕೈ ಮೃದುವಾಗಿ ಒತ್ತಿ, ಹೊರಟುಹೋದಳು.

"ಯಾಕಂತ ಇದು?"

"ಚಳಿ ಐತಲ್ರಿ, ಅದಕ್ಕ."

"ನನ್ನ ಮೈಮ್ಯಾಲೆ ಕೋಟ ಐತಿ." ಲಾಳಿ ನಿಂತಿತು. "ಕುಂಡ್ರು ಇಲ್ಲೆ. ಆವತ್ತ ಅಮಾಸಿ ಅಂತ ಅವಗ ಹೇಳಿದ್ಯಾ ಇಲ್ಲೋ?"

"ಹೇಳಿದ್ದೆ."

"ಅದಕ್ಕ ಏನಂದಾ?"

ಸುಳ್ಳು ಹೇಳಲು ಆಗಲಿಲ್ಲ. "ಇನ್ನೂ ಚಲೋ ಆತು ಅಂದ್ರಿ."

ಕಾಕಾ ಆ ಉಣ್ಣೆಯ ಕೋಟನ್ನು ಮಡಚಿ ಬದಿಗಿಟ್ಟರು. "ಭಿಕ್ಷಾ ಬೇಡಾವನ ಸೋಗು ಹಾಕಿಸಿ ಕುಂಡ್ರಿಸಿದ್ರಿ ನನ್ನ. ಅವಗ ನಾ ಯಾರು ಗೊತ್ತಿಲ್ಲ, ಬಿಡು. ನಿನಗ ಗೊತ್ತಿತ್ತು."

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಅವರಿಗೆ ಇನ್ನೂ ಸಿಟ್ಟು ಬಂತು. "ಅಳಬ್ಯಾಡ. ಅಳಾವ್ರು ಇಲ್ಲಿ ದಿನಾ ಬರಾಕತ್ತಾರ. ನಡಿ ಅವನ ಕಡೆ. ನನ್ನ ಕೈ ಓಡೂದನ್ನ ತಗಿ, ಅದನ್ನೂ ಮಂದಿಗೆ ತೋರಸು ಅಂತ ಹೇಳು. ಇದೊಂದ ಸಲ ನಾ ಅಂದದ್ದು ಅಂದಂಗ ಹೇಳು."

ಸಾಹೇಬನ ಕಚೇರಿಯಲ್ಲಿ ನಾನು ಅವರು ಅಂದ ಹಾಗೆಯೇ ಹೇಳಿದೆ. ಸಾಹೇಬ ಕೆಟ್ಟವನಲ್ಲ. ಅವನಿಗೆ ಮುಜುಗರವಾಯಿತು. ಜಾಹೀರಾತು ಮುಗಿದಿದೆ, ನೈಲಾನಿನವರು ಒಪ್ಪಿದ್ದಾರೆ, ಇನ್ನು ಬದಲಿಸಲು ಬರುವುದಿಲ್ಲ ಎಂದ. ಆಮೇಲೆ ಕಿಟಕಿಯ ಕಡೆ ನೋಡುತ್ತ, ಬರುವ ರವಿವಾರ ಕ್ಯಾಮೆರಾ ತರುತ್ತೇನೆ, ಆದರೆ ಅದರಲ್ಲಿ ಫಿಲ್ಮ್ ಇರುವುದಿಲ್ಲ, ಹಿರಿಯರಿಗೆ ಸಮಾಧಾನವಾಗಲಿ, ಅವರಿಗೆ ಇದನ್ನು ಹೇಳುವ ಅಗತ್ಯವಿಲ್ಲ ಎಂದ.

ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ರವಿವಾರ ಕ್ಯಾಮೆರಾ ತರ್ತಾರಂತ್ರಿ" ಎಂದೆ.

ಎರಡನೆಯ ಸಲ

ಆ ರವಿವಾರ ಕ್ಯಾಮೆರಾವನ್ನು ಏಣಿಯ ಮೇಲೆ ಏರಿಸಲಿಲ್ಲ. ಕಾಕಾನ ಮುಖದ ಸಮಕ್ಕೆ ಇಟ್ಟರು. ಎದುರಿನ ದೀಪಗಳನ್ನೆಲ್ಲ ಹೊತ್ತಿಸಿದರು. ರುಮಾಲು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ.

ಕಾಕಾ ಸೆರಗಿನ ಎಳೆಗಳನ್ನು ಕೊಂಡಿ ಹಾಕಲು ಶುರುಮಾಡಿದರು. ನಾನು ಅವರ ಕೆಲಸವನ್ನು ಬಹಳ ಸಲ ನೋಡಿದ್ದೇನೆ, ಆ ದಿನದಂಥದನ್ನು ನೋಡಿಲ್ಲ. ಬೆರಳು ಎಲ್ಲಿ ಹೋಗಿ ಎಲ್ಲಿ ಬರುತ್ತಿವೆ ಎಂದು ಕಣ್ಣಿಗೆ ಸಿಗುತ್ತಿರಲಿಲ್ಲ. ಆಮೇಲೆ ಲಾಳಿ ಹಿಡಿದರು. ಮಗ್ಗದ ಸಪ್ಪಳ ಆ ದೊಡ್ಡ ಖಾಲಿ ಸಭಾಂಗಣದ ತುಂಬ ಹರಿಯಿತು. ದೀಪ ಹಿಡಿದ ಆಳು ದೀಪವನ್ನು ಮರೆತು ನಿಂತ. ಕ್ಯಾಮೆರಾ ಗುರ್ ಎನ್ನುತ್ತಲೇ ಇತ್ತು. ನಡುವೆ ಸಾಹೇಬ ಸಹಾಯಕನ ಕಿವಿಯಲ್ಲಿ, ನಿಜವಾಗಿಯೂ ಫಿಲ್ಮ್ ಹಾಕಿಲ್ಲವೇ ಎಂದು ಕೇಳಿದ್ದು ನನಗೆ ಕೇಳಿಸಿತು. ಸಹಾಯಕ ಇಲ್ಲವೆಂದು ತಲೆ ಅಲ್ಲಾಡಿಸಿದ.

ಮುಗಿದ ಮೇಲೆ ಕಾಕಾ ತಾವೇ ನೇಯ್ದ ಒಂದು ರವಿಕೆಯ ಖಣವನ್ನು ಸಾಹೇಬನ ಕೈಗಿಟ್ಟರು. "ನನಗ ಸಿಟ್ಟಿಲ್ಲ ಅಂತ ಹೇಳು ಅವಗ. ತಪ್ಪ ತಿದ್ದಿಕೊಂಡಾನ, ದೊಡ್ಡ ಮನಷ್ಯಾ ಅಂತ ಹೇಳು."

ಅಂದಂತೆಯೇ ಹೇಳಿದೆ. ಸಾಹೇಬನ ಮುಖ ಮೀಸೆಯಷ್ಟೇ ಕೆಂಪಾಯಿತು.

ಗಜೇಂದ್ರಗಡ

ಹಡಗಿನಲ್ಲಿ ಕಾಕಾ ಒಮ್ಮೆ ಮಾತ್ರ, ಅದನ್ನು ಯಾವಾಗ ತೋರಿಸುತ್ತಾರೆ ಎಂದು ಕೇಳಿದರು. ನಾವು ಊರು ಮುಟ್ಟುವುದರೊಳಗೆ ತೋರಿಸಬಹುದು ಎಂದೆ. ಅಲ್ಲಿಯೇ ನಿಜ ಹೇಳಬೇಕಾಗಿತ್ತು. ಸುತ್ತ ಸಮುದ್ರವಿತ್ತು, ಕೇಳುವವರು ಬೇರೆ ಯಾರೂ ಇರಲಿಲ್ಲ. ಆದರೆ ಕಾಕಾ ನನ್ನೊಡನೆ ಮೊದಲಿನ ಹಾಗೆ ಮಾತಾಡತೊಡಗಿದ್ದರು, ನನ್ನನ್ನು ಕ್ಷಮಿಸಿದ್ದರು. ಆ ಕ್ಷಮೆ ಕೈತಪ್ಪಬಾರದು ಎಂದು ಸುಮ್ಮನಿದ್ದೆ.

ಊರಿಗೆ ಬಂದ ಸಂಜೆ ಓಣಿಯವರೆಲ್ಲ ಅವರ ಮನೆಯಲ್ಲಿ ಸೇರಿದರು. ಕಾಕಾ ರೊಟ್ಟಿಯ ಕಥೆ, ಟವೆಲ್ಲಿನ ಕಥೆ ಹೇಳಿ ನಗಿಸಿದರು. ಆಮೇಲೆ ಜಾಹೀರಾತಿನದು. "ಮೊದಲ ಸಲ ತಪ್ಪ ತೋರಿಸಿದ್ರು. ನಾ ಬಿಡಲಿಲ್ಲ. ಅವನ ಕಚೇರಿಗೇ ಹೋಗಿ ಹೇಳಿದೆ. ಎರಡನೇ ಸಲ ಕೈ ಓಡೂದನ್ನ ತಗದಾರ. ಇಷ್ಟೊತ್ತಿಗೆ ದೇಶಕ್ಕೆಲ್ಲಾ ತೋರಿಸಿರಬೇಕು."

"ಖರೇ ಏನ್ರಿ?" ಎಂದು ಒಬ್ಬರು ನನ್ನನ್ನು ಕೇಳಿದರು.

"ನನ್ನ ಕಣ್ಣಮುಂದ ಕ್ಯಾಮೆರಾ ಇಟ್ಟಿದ್ರು. ಎದುರಿನ ದೀಪ ಎಲ್ಲಾ ಹಚ್ಚಿದ್ರು" ಎಂದೆ. ಅದರಲ್ಲಿ ಸುಳ್ಳು ಒಂದಕ್ಷರವಿಲ್ಲ. ಯಾವುದನ್ನು ಬೆಳಕಿಗೆ ಇಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಾಹೇಬನಿಂದ ನಾನು ಚೆನ್ನಾಗಿಯೇ ಕಲಿತಿದ್ದೆ.

ಗಂಗಮ್ಮ ಕಾಕಿ ಒಲೆಯ ಮುಂದಿನಿಂದ ಎದ್ದು ಬಂದರು. "ಕ್ಯಾಮೆರಾದ್ದು ನಾ ಕೇಳಲಿಲ್ಲ ತಮ್ಮಾ. ತೋರಿಸಿದ್ದನ್ನ ನೋಡಿದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು: "ಹುಚ್ಚಿ, ನಾವು ಹಡಗಿನ್ಯಾಗ ಇದ್ವಿ. ಅವ ಸಮುದ್ರದಾಗ ಕೂತು ಹ್ಯಾಂಗ ನೋಡ್ತಾನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಕಿ ನಗಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಕೈ ತೊಳಕೋ, ಉಣ್ಣು" ಎಂದು ಒಳಗೆ ಹೋದರು. ಅವರು ಬದುಕಿರುವವರೆಗೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಕಾಕಾ ಅದನ್ನು ಹೇಳುವುದನ್ನು ಎಂದೂ ನಿಲ್ಲಿಸಲಿಲ್ಲ. ಅವರು ಹೇಳಿದಾಗಲೆಲ್ಲ ಪಕ್ಕದಲ್ಲಿ ನಾನಿದ್ದರೆ ಹೌದೆಂದು ತಲೆಯಾಡಿಸಿದ್ದೇನೆ.

ಇಬ್ಬರೂ ಈಗಿಲ್ಲ. ಆ ಸಂಜೆ ಕೊಡಬೇಕಾಗಿದ್ದ ಉತ್ತರ ಹೀಗಿತ್ತು: ನೋಡಲಿಲ್ಲ, ಕಾಕಿ. ಯಾರೂ ನೋಡಲಿಲ್ಲ. ಆ ಪೆಟ್ಟಿಗೆಯಲ್ಲಿ ಫಿಲ್ಮ್ ಇರಲಿಲ್ಲ. ಆ ರವಿವಾರ ಅವರ ಕೈ ಓಡಿದ್ದನ್ನು ಕಂಡವರು ನಾವು ನಾಲ್ಕು ಮಂದಿ, ನಮ್ಮಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ.